ಎಕ್ಸ್‌ರೇ, ಸಿಟಿ ಮತ್ತು ಎಐ: ವರ್ಕ್‌ಲಿಸ್ಟ್ ಭಾಗದ ನೋಟ್ಸ್

ಶಿವಮೊಗ್ಗದಲ್ಲಿ ಇಮೇಜಿಂಗ್ ಟೆಕ್ನಾಲಜಿ ಓದ್ತಿರೋರು ಯಾರೇ ಸಿಕ್ಲಿ, ಕೇಳೋದು ಒಂದೇ: ಎಐ ಬಂದ್ಮೇಲೆ ರೇಡಿಯಾಲಜಿಸ್ಟ್ (ಸ್ಕ್ಯಾನ್ ಓದಿ ರಿಪೋರ್ಟ್ ಬರೆಯೋ ಡಾಕ್ಟರ್) ಬೇಕಾ ಅಂತ. 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಅವರು ಇನ್ಮೇಲೆ ರೇಡಿಯಾಲಜಿಸ್ಟ್‌ಗಳಿಗೆ ಟ್ರೈನಿಂಗ್ ಕೊಡೋದೇ ನಿಲ್ಲಿಸ್ಬೇಕು ಅಂದಿದ್ರು, ಹಾಗೇನೂ ಆಗ್ಲಿಲ್ಲ. ಬದಲಾಗಿದ್ದು ಯಾವ ಸ್ಕ್ಯಾನ್ ಯಾರ ಕಣ್ಣಿಗೆ ಯಾವಾಗ ಬೀಳುತ್ತೆ ಅನ್ನೋದು. ಪರೀಕ್ಷೆಗೂ ಕೆಲಸಕ್ಕೂ ಅದನ್ನೇ ಗಟ್ಟಿ ಹಿಡ್ಕೊಳ್ಳಿ.

ಸಿಟಿ ಆದ್ಮೇಲೆ ಇಮೇಜ್‌ಗಳು ಡೈಕಾಮ್ ರೂಪದಲ್ಲಿ (ಸ್ಕ್ಯಾನ್ ಇಮೇಜ್‌ಗಳ ಸ್ಟ್ಯಾಂಡರ್ಡ್ ಫೈಲ್) ಪ್ಯಾಕ್ಸ್‌ಗೆ, ಅಂದ್ರೆ ಇಮೇಜ್‌ಗಳನ್ನ ಇಟ್ಟು ತೋರಿಸೋ ಕಂಪ್ಯೂಟರ್ ವ್ಯವಸ್ಥೆಗೆ, ಹೋಗ್ತವೆ, ಅಲ್ಲಿಂದ ಓದೋರ ವರ್ಕ್‌ಲಿಸ್ಟ್‌ಗೆ, ಅಂದ್ರೆ ಓದೋಕೆ ಬಾಕಿ ಇರೋ ಸ್ಕ್ಯಾನ್‌ಗಳ ಸರದಿ ಪಟ್ಟಿಗೆ. ಸಾಮಾನ್ಯವಾಗಿ ಮೊದಲು ಬಂದಿದ್ದು ಮೊದಲು, ಅರ್ಜೆಂಟ್ ಅಂತ ಗುರುತು ಹಾಕಿದ್ರೆ ಅಥವಾ ಯಾರಾದ್ರೂ ಫೋನ್ ಮಾಡಿದ್ರೆ ಮೇಲೆ ಬರುತ್ತೆ. ಈಗ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹೊಸನಗರದ ಕಡೆ ಅಡಿಕೆಗೆ ಔಷಧಿ ಹೊಡಿಯೋಕೆ ಮರ ಹತ್ತಿದ ಕೊನೆಗಾರ ಜಾರಿ ಬಿದ್ದ ಅಂತ ಇಟ್ಕೊಳ್ಳಿ, ಘಟ್ಟದ ರಸ್ತೆಲಿ ಆಗ್ಲೇ ಟೈಮ್ ಹೋಗಿದೆ, ತಲೆ ಸಿಟಿ ಆಯ್ತು, ಆದ್ರೆ ಲಿಸ್ಟಲ್ಲಿ ಅವನ ಮುಂದೆ ಹೊಟ್ಟೆ ಸ್ಕ್ಯಾನ್, ಬೆನ್ನಿನ ಎಂಆರ್‌ಐ ಎಲ್ಲ ಕೂತಿವೆ. ಸಿಟಿಲಿ ಯಾವುದು ಎಷ್ಟು ಬೆಳ್ಳಗೆ ಕಾಣುತ್ತೆ ಅಂತ ಹೇಳೋ ಹೌನ್ಸ್‌ಫೀಲ್ಡ್ ಅಳತೆಲಿ ನೀರು 0, ಗಾಳಿ ಮೈನಸ್ 1000, ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಸುಮಾರು 50ರಿಂದ 70, ಮೆದುಳಿಗಿಂತ ಬೆಳ್ಳಗೆ ಕಾಣುತ್ತೆ. ಎಐ ಸಾಫ್ಟ್‌ವೇರ್ ಆ ಬಿಳುಪು, ಅದರ ಆಕಾರ, ಅದಿರೋ ಜಾಗ ಗುರುತಿಸಿ ಕೇಸನ್ನ ಮೇಲಕ್ಕೆ ತರುತ್ತೆ, ರಿಪೋರ್ಟ್ ಬರೆಯೋದು ಡಾಕ್ಟರೇ. ಫ್ಲ್ಯಾಗ್ (ಸಾಫ್ಟ್‌ವೇರ್ ಹಾಕೋ ಎಚ್ಚರಿಕೆ ಗುರುತು) ಬರ್ಲಿಲ್ಲ ಅಂದ ಮಾತ್ರಕ್ಕೆ ನಾರ್ಮಲ್ ಅಲ್ಲ ಮಾರಾಯ್ರೆ, ಸಣ್ಣ ಬ್ಲೀಡ್ ತಪ್ಪಬಹುದು, ಅನುಮಾನ ಬಂದ್ರೆ ಟೆಕ್ನಿಷಿಯನ್ ಫೋನ್ ಮಾಡ್ಲೇಬೇಕು.

ಇನ್ನು ಟಿಬಿ. ಎದೆ ಎಕ್ಸ್‌ರೇಲಿ ಟಿಬಿ ಸ್ಕ್ರೀನಿಂಗ್‌ಗೆ, 15 ವರ್ಷ ಮತ್ತು ಮೇಲ್ಪಟ್ಟವರಿಗೆ, ಮನುಷ್ಯರು ಓದೋ ಬದಲು ಕಂಪ್ಯೂಟರ್ ಓದಿದ್ರೂ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳ್ತು. ಇಲ್ಲಿ ಲೆಕ್ಕ ಮಾಡಿ ನೋಡ್ಲೇಬೇಕು. 1000 ಜನರ ಎಕ್ಸ್‌ರೇ, ಅದ್ರಲ್ಲಿ 10 ಜನಕ್ಕೆ ಟಿಬಿ, ಸೆನ್ಸಿಟಿವಿಟಿ (ಕಾಯಿಲೆ ಇರೋರನ್ನ ಹಿಡಿಯೋ ಪ್ರಮಾಣ), ಸ್ಪೆಸಿಫಿಸಿಟಿ (ಇಲ್ಲದವರನ್ನ ಇಲ್ಲ ಅನ್ನೋ ಪ್ರಮಾಣ) ಎರಡೂ 90% ಅಂದ್ಕೊಳ್ಳಿ. 9 ಜನ ಸಿಕ್ತಾರೆ, ಒಬ್ರು ತಪ್ತಾರೆ. ಟಿಬಿ ಇಲ್ಲದ 990ರಲ್ಲಿ 99 ಜನಕ್ಕೂ ಪಾಸಿಟಿವ್ ಬರುತ್ತೆ. ಅಂದ್ರೆ ಒಟ್ಟು 108 ಪಾಸಿಟಿವ್‌ನಲ್ಲಿ ನಿಜವಾದದ್ದು 9, ಸುಮಾರು 8%. ಸಾಫ್ಟ್‌ವೇರ್ ಕೆಟ್ಟದ್ದು ಅಂತಲ್ಲ, ಕಾಯಿಲೆ ವಿರಳ ಇರೋ ಕಡೆ ಹೀಗೇ ಆಗೋದು. ಅದಕ್ಕೇ ಕಫದ ಟೆಸ್ಟ್ ಆಗೋ ತನಕ ಯಾರಿಗೂ ನಿಮಗೆ ಟಿಬಿ ಇದೆ ಅನ್ನಬಾರ್ದು, ಸಣ್ಣ ಊರಲ್ಲಿ ಆ ಒಂದು ಮಾತು ಮನೆಯವರನ್ನ ಎಷ್ಟು ನೋಯಿಸುತ್ತೆ ಅಂತ ಎಲ್ಲರಿಗೂ ಗೊತ್ತು.

ಮ್ಯಾಮೋಗ್ರಾಮ್‌ಗೆ (ಸ್ತನದ ಎಕ್ಸ್‌ರೇ) ಸ್ವೀಡನ್‌ನ ಮಸಾಯ್ ಟ್ರಯಲ್ ನೆನಪಿಡಿ, 80,000ಕ್ಕೂ ಹೆಚ್ಚು ಹೆಂಗಸರು, ರಿಸಲ್ಟ್ 2023. ಅಲ್ಲಿ ಪ್ರತಿ ಫಿಲ್ಮ್ ಇಬ್ಬರು ಓದೋ ಪದ್ಧತಿ, ಎಐ ಕಡಿಮೆ ರಿಸ್ಕ್ ಅಂದಿದ್ದನ್ನ ಒಬ್ರೇ ಓದಿದ್ರು. ಓದೋ ಕೆಲಸ 44.3% ಇಳೀತು, ಸಿಕ್ಕ ಕ್ಯಾನ್ಸರ್ ಕಡಿಮೆ ಆಗ್ಲಿಲ್ಲ. ನಮ್ಮಲ್ಲಿ ಒಬ್ರೇ ಓದೋ ಕಡೆ ಈ ಉಳಿತಾಯ ಹಾಗೇ ಸಿಗಲ್ಲ.

ಎಐ ಮಾಡೆಲ್ ಕಾಯಿಲೆ ಬದಲು ಅದರ ಜೊತೆ ಕಾಣೋ ಬೇರೇನನ್ನೋ ಗುರುತಿಸೋಕೆ ಕಲಿಯೋ ಶಾರ್ಟ್‌ಕಟ್ ಕಲಿಕೆ ಅಂತ ಒಂದಿದೆ, ವೈವಾಲಿ ಕೇಳಬಹುದು. ನ್ಯೂಮೋಥೊರ್ಯಾಕ್ಸ್‌ಗೆ (ಶ್ವಾಸಕೋಶದ ಸುತ್ತ ಗಾಳಿ ತುಂಬೋದು) ಆಗ್ಲೇ ಟ್ಯೂಬ್ ಹಾಕಿದ ಎಕ್ಸ್‌ರೇಗಳನ್ನೇ ಜಾಸ್ತಿ ನೋಡಿ ಕಲಿತ ಮಾಡೆಲ್ ಟ್ಯೂಬನ್ನೇ ಕಾಯಿಲೆ ಅಂದ್ಕೊಂಡುಬಿಡುತ್ತೆ, ಟ್ಯೂಬ್ ಇಲ್ಲದ ಹೊಸ ಪೇಷಂಟ್‌ನಲ್ಲಿ, ಅಂದ್ರೆ ನಿಜವಾಗಿ ಬೇಕಾದಲ್ಲೇ, ಎಡವುತ್ತೆ.

ಪೋಸ್ಟಿಂಗ್‌ಗೆ ಹೋದಲ್ಲಿ ಎಐ ಇದ್ರೆ ಥ್ರೆಶೋಲ್ಡ್ (ಯಾವ ಸ್ಕೋರ್‌ನಿಂದ ಪಾಸಿಟಿವ್ ಅನ್ನೋ ಗೆರೆ) ಎಷ್ಟಕ್ಕೆ ಇಟ್ಟಿದ್ದಾರೆ, ಇಲ್ಲಿನ ಪೇಷಂಟ್‌ಗಳ ಮೇಲೆ ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿ. ಟಿಬಿಲಿ ಆ ಗೆರೆ ಇಳಿಸಿದ್ರೆ ತಪ್ಪಿಸ್ಕೊಳ್ಳೋರು ಕಡಿಮೆ, ಸಿಬಿನಾಟ್‌ಗೆ (ಕಫದಲ್ಲಿ ಟಿಬಿ ಹುಡುಕೋ ಟೆಸ್ಟ್) ಕಳ್ಸೋರು ಜಾಸ್ತಿ, ಏರಿಸಿದ್ರೆ ಉಲ್ಟಾ.