ರೇಡಿಯೊ ಕೇಳುವವರ ಕೈಯಲ್ಲಿ ಏನಿದೆ?

ರೇಡಿಯೊಗೆ ಬರೆಯುವುದನ್ನು ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ನಿಮ್ಮ ಕೇಳುಗರ ಕೈಯಲ್ಲಿ ಈಗ ಏನಿದೆ? ಸೌಟೋ, ಸ್ಟೇರಿಂಗೋ, ಮೊಬೈಲೋ?

ಒಂದು ಕಾಲದಲ್ಲಿ ಆ ಕೈ ಖಾಲಿ ಇತ್ತು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದಾಗ ರೇಡಿಯೊ ಕೂತು ಕೇಳುವ ವಸ್ತು. ಸೆಟ್ಟು ದುಬಾರಿ, ಅದಕ್ಕೊಂದು ಲೈಸೆನ್ಸ್ ಬೇರೆ. ಟ್ರಾನ್ಸಿಸ್ಟರ್ ಬಂದ ಮೇಲೆ ಅದು ಹೊಲಕ್ಕೂ ಅಂಗಡಿಗೂ ಹೋಯಿತು. ಆದರೂ ರಾತ್ರಿಯ ನಾಟಕಕ್ಕೆ ಮನೆಮಂದಿ ಕೂರುತ್ತಿದ್ದರು. ಆ ಹೊತ್ತನ್ನು ಟಿವಿ ಕಿತ್ತುಕೊಂಡಿತು. ಬೆಳಗ್ಗೆ ಮಾತ್ರ ರೇಡಿಯೊಗೇ ಉಳಿಯಿತು. ದೋಸೆ ಹುಯ್ಯುವವರು ಪರದೆ ನೋಡುತ್ತಾ ನಿಂತರೆ ಕಾವಲಿ ಸೀಯುತ್ತದೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಬೆಂಗಳೂರಿನಲ್ಲೇ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಅದಕ್ಕೆ ಹೇಳಿ ಮಾಡಿಸಿದ ಕೇಳುಗರು.

ಕೈಯಲ್ಲಿ ಕೆಲಸ ಇರುವವರು ಅರ್ಧ ಕೇಳುತ್ತಾರೆ, ನಡುವೆ ಬಂದು ಸೇರಿಕೊಳ್ಳುತ್ತಾರೆ. ನಮ್ಮ ಬರವಣಿಗೆ ಬದಲಾಗಿದ್ದು ಇದರಿಂದಲೇ. ಅತಿಥಿಯ ಹೆಸರು ಆಗಾಗ ಹೇಳಬೇಕು. ಬೆಳೆಗೆ ಹೊಡೆಯುವ ಔಷಧಿಯ ಪ್ರಮಾಣವನ್ನು ಎರಡು ಸಲ, ನಿಧಾನಕ್ಕೆ. ಯಾರ ಹತ್ತಿರವೂ ಪೆನ್ನು ಇರುವುದಿಲ್ಲ. ‘ಆಗಲೇ ಹೇಳಿದ ಹಾಗೆ’ ಎನ್ನುವಂತಿಲ್ಲ, ಆಗ ಅವರು ಕೇಳುತ್ತಿದ್ದರೋ ಇಲ್ಲವೋ.

ಹೊಸ ಮಾಧ್ಯಮ ಬಂದರೆ ಹಳೆಯದು ಸಾಯುವುದಿಲ್ಲ, ಬೇರೆ ಕೆಲಸ ಹುಡುಕಿಕೊಳ್ಳುತ್ತದೆ ಎಂಬ ಅರ್ಥದ ಮಾತನ್ನು ಜರ್ಮನಿಯ ಪತ್ರಿಕಾ ಸಂಪಾದಕ ವೋಲ್ಫ್‌ಗಾಂಗ್ ರೀಪ್ಲ್ 1913ರಲ್ಲೇ ಬರೆದಿದ್ದರು. ನೂರು ವರ್ಷಕ್ಕೆ, 2013ರಲ್ಲಿ, ನಮ್ಮ ದೇಶದ ಟೆಲಿಗ್ರಾಂ (ತಂತಿ) ಸೇವೆ ನಿಂತೇಹೋಯಿತು! ಅದರ ಕೆಲಸವನ್ನೆಲ್ಲ ಎಸ್‌ಎಂಎಸ್ ಮಾಡತೊಡಗಿತ್ತು. ಹಾಗಾಗಿ ರೀಪ್ಲ್ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಕೆಲಸ ಉಳಿದಿದ್ದರೆ ಮಾತ್ರ ಮಾಧ್ಯಮ ಉಳಿಯುತ್ತದೆ.

ಕೋರಿಕೆಯ ಹಾಡುಗಳನ್ನೇ ನೋಡಿ. ಬೇಕಾದ ಹಾಡು ಮೊಬೈಲ್‌ನಲ್ಲೇ ಸಿಗುವಾಗ ಯಾಕೆ ಕಾಯಬೇಕು, ಅಲ್ವಾ? ಆದರೂ ಪೋಸ್ಟ್‌ಕಾರ್ಡ್ ಹೋಗಿ ಫೋನು ಬಂತು, ಆಮೇಲೆ ವಾಟ್ಸಾಪ್ ಬಂತು, ಕೋರಿಕೆ ಮಾತ್ರ ನಿಲ್ಲಲಿಲ್ಲ. ಹಾಡು ಸುಮ್ನೆ ನೆಪ. ತಮ್ಮ ಊರಿನ ಹೆಸರು, ಮಗಳ ಹುಟ್ಟುಹಬ್ಬ ಹತ್ತೂರಿಗೆ ಕೇಳಬೇಕು.

ನನ್ನ ಚಿಂತೆ ಬೇರೆ. ಮೊಬೈಲ್‌ನ ಎಫ್‌ಎಂಗೆ ಇಯರ್‌ಫೋನ್ ವೈರೇ ಆಂಟೆನಾ. ಈಗ ಎಷ್ಟೋ ಫೋನ್‌ಗಳಲ್ಲಿ ಆ ವೈರು ಸಿಕ್ಕಿಸುವ ತೂತೇ ಇಲ್ಲ. ದೂರದೂರಿಗೆ ತಲುಪುವ ಮಧ್ಯಮ ತರಂಗವನ್ನಂತೂ ಮೊಬೈಲ್ ಹಿಡಿಯುವುದೇ ಇಲ್ಲ. ಆಪ್‌ನಲ್ಲಿ ಕೇಳಬಹುದು, ನಿಜ. ಅದಕ್ಕೆ ಡೇಟಾ ಬೇಕು, ಸಿಗ್ನಲ್ ಬೇಕು. ಮಲೆನಾಡಿನ ಮಳೆಗೆ ಕರೆಂಟು ಹೋಗಿ ಟವರ್ ಮಲಗಿದರೆ ಎರಡೂ ಇಲ್ಲ. ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಗುಜರಿಗೆ ಹಾಕಬೇಡಿ. ಸೆಲ್ ಹೊರಗೆ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ಹಾಳಾಗುತ್ತದೆ.