ಸರ್ವಿಸ್ ಚಾರ್ಜ್ ಕಟ್ಟಿದಿರಿ, ಟಿಪ್ಸ್ ಕೊಡಲಿಲ್ಲ

ರೆಸ್ಟೋರೆಂಟ್‌ಗಳ ಲೆಕ್ಕಪತ್ರ ನೋಡುವವರನ್ನು ಜನ ತಪ್ಪದೆ ಕೇಳುವ ಪ್ರಶ್ನೆ: ಊಟಕ್ಕೆ ಹೋದಾಗ ಟಿಪ್ಸ್ ಕೊಡಬೇಕೇ, ಬೇಡವೇ? ಕೊಡಲೇಬೇಕು ಎನ್ನುವ ಕಾನೂನು ಭಾರತದಲ್ಲಿಲ್ಲ. ಬಡಿಸಿದವರ ಕೆಲಸ ಹಿಡಿಸಿದರೆ, ಕೈಯಲ್ಲಿ ಆದರೆ, ಕೊಡಿ. ಇಷ್ಟಕ್ಕೆ ಮುಗಿಯಬೇಕಾದ ಮಾತು ಮುಗಿಯುವುದಿಲ್ಲ. ಹಿಂದೆಯೇ ಇನ್ನೊಂದು ಬರುತ್ತದೆ: "ಹೇಗೂ ಬಿಲ್‌ನಲ್ಲೇ 10 ಪರ್ಸೆಂಟ್ ಹಿಡಿದಿರುತ್ತಾರಲ್ಲ, ಅದು ಅವರಿಗೇ ತಾನೇ ಹೋಗೋದು?"

ಅವರಿಗೇ ಹೋಗುತ್ತದೆ ಎಂದು ಬಿಲ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಗಿರಾಕಿಯ ದುಡ್ಡೂ ಹೋಗುತ್ತದೆ, ಸಪ್ಲೈಯರ್ ಕೈಯೂ ಬರಿದಾಗುತ್ತದೆ.

ಬಿಲ್ಲನ್ನೇ ಹತ್ತಿರದಿಂದ ನೋಡೋಣ. ನಾಲ್ಕು ಜನ ಉಂಡಿದ್ದು 2,000 ರೂಪಾಯಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಎಸ್.ಸಿ. 10%", ಅಂದರೆ ಸರ್ವಿಸ್ ಚಾರ್ಜ್, 200 ರೂಪಾಯಿ. ಅದರ ಕೆಳಗೆ ಸಿಜಿಎಸ್‌ಟಿ ಎರಡೂವರೆ ಪರ್ಸೆಂಟ್, 55. ಎಸ್‌ಜಿಎಸ್‌ಟಿ ಎರಡೂವರೆ, ಇನ್ನೊಂದು 55. ಒಟ್ಟು 2,310. ಆ 200 ರೂಪಾಯಿ ಕೂತಿರುವ ಜಾಗ ನೋಡಿ, ಊಟದ ಮೊತ್ತಕ್ಕೂ ತೆರಿಗೆಗೂ ನಡುವೆ. ಓದುವವರಿಗೆ ಅದೂ ಒಂದು ತೆರಿಗೆಯಂತೆಯೇ ಕಾಣುತ್ತದೆ. ಸರ್ವಿಸ್ ಟ್ಯಾಕ್ಸ್ ಎಂದುಕೊಂಡು ಕಟ್ಟುವವರು ಈಗಲೂ ಇದ್ದಾರೆ. ಸರ್ವಿಸ್ ಟ್ಯಾಕ್ಸ್ 2017ರ ಜುಲೈ 1ಕ್ಕೇ ಜಿಎಸ್‌ಟಿಯಲ್ಲಿ ಸೇರಿಹೋಯಿತು. ಸರ್ವಿಸ್ ಚಾರ್ಜ್‌ನಲ್ಲಿ ಸರ್ಕಾರಕ್ಕೆ ಸೇರುವುದು ಏನೂ ಇಲ್ಲ. ಅದು ಹೋಟೆಲಿನವರು ತಾವಾಗಿ ಸೇರಿಸಿದ ಮೊತ್ತ.

ಇನ್ನೂ ಒಂದು ಸಂಗತಿ ಇದೆ. ಬಿಲ್‌ನೊಳಗೆ ಸೇರಿದ ಕೂಡಲೇ ಸರ್ವಿಸ್ ಚಾರ್ಜ್ ಮಾರಾಟದ ಬೆಲೆಯ ಭಾಗವಾಗುತ್ತದೆ, ಅದರ ಮೇಲೂ ಜಿಎಸ್‌ಟಿ ಬೀಳುತ್ತದೆ. ಮೇಲಿನ ಬಿಲ್‌ನಲ್ಲಿ ತೆರಿಗೆ 2,000ಕ್ಕಲ್ಲ, 2,200ಕ್ಕೆ. ಅಂದರೆ ನೀವು ಕೊಟ್ಟ 'ಟಿಪ್ಸ್'ಗೆ 10 ರೂಪಾಯಿ ತೆರಿಗೆಯನ್ನೂ ಕಟ್ಟಿದಿರಿ. ಅದೇ 200 ರೂಪಾಯಿಯನ್ನು ಬಿಲ್‌ನ ಹೊರಗೆ ನೀವಾಗಿ ಸಪ್ಲೈಯರ್ ಕೈಗೆ ಕೊಟ್ಟಿದ್ದರೆ ಜಿಎಸ್‌ಟಿ ಇಲ್ಲ, ಪೂರ್ತಿ ಅವರದೇ.

ಬಿಲ್‌ನೊಳಗಿನ ಆ 200 ಎಲ್ಲಿಗೆ ಹೋಗುತ್ತದೆ? ಮೊದಲು ಮಾಲೀಕರ ಬ್ಯಾಂಕ್ ಖಾತೆಗೆ. ಅಲ್ಲಿಂದ ಮುಂದೆ ಅದು ಆಯಾ ಹೋಟೆಲಿನ ರೀತಿ. ಪ್ರಾಮಾಣಿಕವಾಗಿ ಹಂಚುವ ಮಾಲೀಕರು ಖಂಡಿತ ಇದ್ದಾರೆ. ಅಂಥ ಕಡೆ ತಿಂಗಳ ಕೊನೆಯಲ್ಲಿ ಮೊತ್ತವನ್ನೆಲ್ಲ ಕೂಡಿ ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಾರೆ: ಸಪ್ಲೈಯರ್‌ಗಳ ಮೇಲ್ವಿಚಾರಕನಾದ ಕ್ಯಾಪ್ಟನ್‌ಗೆ ಹೆಚ್ಚು ಪಾಯಿಂಟ್, ಸಪ್ಲೈಯರ್‌ಗೆ ಅದಕ್ಕಿಂತ ಕಡಿಮೆ, ಕ್ಲೀನರ್‌ಗೆ, ಪಾತ್ರೆ ತೊಳೆಯುವವರಿಗೆ ಇನ್ನೂ ಕಡಿಮೆ. ಕೆಲವರು ಒಡೆದ ಪ್ಲೇಟು, ಗ್ಲಾಸಿನ ಖರ್ಚನ್ನು ಮೊದಲು ಅದರಲ್ಲೇ ಮುರಿದುಕೊಳ್ಳುತ್ತಾರೆ. ಇನ್ನು ಕೆಲವೆಡೆ ಅದು ಸೀದಾ ವ್ಯಾಪಾರದ ಆದಾಯದಲ್ಲಿ ಕರಗಿಹೋಗುತ್ತದೆ. ಯಾವ ಹೋಟೆಲಿನಲ್ಲಿ ಯಾವುದು ಎಂದು ಗಿರಾಕಿಗೆ ತಿಳಿಯುವ ದಾರಿಯಿಲ್ಲ, ಬಿಲ್ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ. ಆದ್ದರಿಂದ ಸರ್ವಿಸ್ ಚಾರ್ಜ್ ಕಟ್ಟಿದ್ದೀರಿ ಎಂದರೆ ಹೋಟೆಲಿಗೆ ಕಟ್ಟಿದ್ದೀರಿ ಎಂದಷ್ಟೇ ಅರ್ಥ. ನಿಮ್ಮ ಟೇಬಲ್ಲಿಗೆ ಬಡಿಸಿದವರಿಗೆ ಏನಾದರೂ ಸಿಕ್ಕಿತು ಎಂದು ಅದರಿಂದ ಸಾಬೀತಾಗುವುದಿಲ್ಲ.

ಕಾನೂನು ಈಗ ಗಿರಾಕಿಯ ಪರವಾಗಿದೆ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್‌ಗೆ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟೂ ವಸೂಲು ಮಾಡುವಂತಿಲ್ಲ, ಕೊಡದಿದ್ದರೆ ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ, ಬಿಲ್‌ನಲ್ಲಿ ಕೂಡಿಸಿ ಜಿಎಸ್‌ಟಿ ಹಾಕುವಂತಿಲ್ಲ. ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದವು, ತಡೆಯಾಜ್ಞೆಯೂ ಸಿಕ್ಕಿತು. ಆದರೆ 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಅರ್ಜಿಗಳನ್ನು ವಜಾ ಮಾಡಿ, ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅದರ ಮೇಲೆ ಮೇಲ್ಮನವಿ ಹೋಗಿದೆ, ಹಾಗಾಗಿ ಇದನ್ನು ಕೊನೆಯ ಮಾತು ಎಂದು ಹೇಳಲಾರೆ. 'ಸ್ಟಾಫ್ ವೆಲ್ಫೇರ್', 'ಸ್ಟಾಫ್ ಕಾಂಟ್ರಿಬ್ಯೂಷನ್' ಎಂಬ ಹೆಸರಿನಲ್ಲಿ ಬಂದರೂ ಅದೇ ಸರ್ವಿಸ್ ಚಾರ್ಜ್ ಎಂದು ಗುರುತಿಟ್ಟುಕೊಳ್ಳಿ.

ತೆಗೆಸುವುದು ಹೇಗೆ? ಇಲ್ಲಿ ಜನ ಮಾಡುವ ತಪ್ಪು ನೋಡಿದರೆ ಬೇಸರವಾಗುತ್ತದೆ. ಬಿಲ್ ತಂದ ಹುಡುಗನ ಮೇಲೆ ರೇಗುತ್ತಾರೆ. ಅವನ ಕೈಯಲ್ಲಿ ಏನೂ ಇಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಅಳಿಸಬೇಕಾದರೂ ಸಾಮಾನ್ಯವಾಗಿ ಮ್ಯಾನೇಜರ್ ಪಾಸ್‌ವರ್ಡ್ ಬೇಕು. ಮ್ಯಾನೇಜರನ್ನು ಕರೆಸಿ, ಇದು ಐಚ್ಛಿಕ, ತೆಗೆದು ಹೊಸ ಬಿಲ್ ಕೊಡಿ ಎಂದು ಮೆಲ್ಲಗೆ ಹೇಳಿ. ಬಹಳ ಕಡೆ ಎರಡನೇ ಮಾತಿಲ್ಲದೆ ತೆಗೆಯುತ್ತಾರೆ. ಹೊಸ ಬಿಲ್ ಎನ್ನುವುದನ್ನು ಬಿಡಬೇಡಿ. ಹಳೇ ಬಿಲ್ ಮೇಲೆ ಪೆನ್ನಿನಲ್ಲಿ 200 ಹೊಡೆದು 2,110 ಕೊಡಿ ಎಂದರೆ ತೆರಿಗೆ ಇನ್ನೂ 2,200ರ ಮೇಲೇ ಉಳಿದಿರುತ್ತದೆ. ಸರಿಯಾದ ಮೊತ್ತ 2,100. ಹತ್ತು ರೂಪಾಯಿ ದೊಡ್ಡದಲ್ಲ, ಆದರೆ ತೆರಿಗೆ ಬಿಲ್ ಸರಿಯಿರಬೇಕು, ಅವರ ಲೆಕ್ಕಕ್ಕೂ ಅದೇ ಒಳ್ಳೆಯದು.

ತೆಗೆಯಲು ಒಪ್ಪದಿದ್ದರೆ ಜಗಳ ಬೇಡ, ಹಣ ಕೊಡದೆ ಏಳುವುದಂತೂ ಬೇಡವೇ ಬೇಡ. ಪಾವತಿ ಮಾಡಿ, ಬಿಲ್ ಇಟ್ಟುಕೊಳ್ಳಿ, ಮೆನುವಿನಲ್ಲಿ ಸರ್ವಿಸ್ ಚಾರ್ಜ್ ಎಂದು ಬರೆದಿದ್ದರೆ ಅದರದ್ದೊಂದು ಫೋಟೊ ತೆಗೆದುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ. 200 ರೂಪಾಯಿಗೆ ಆಯೋಗದವರೆಗೆ ಹೋಗಬೇಕೇ ಎನ್ನುವುದು ನಿಮ್ಮ ಸಮಯ, ಸಹನೆಗೆ ಬಿಟ್ಟಿದ್ದು.

ಸರ್ವಿಸ್ ಚಾರ್ಜ್ ತೆಗೆಸಿದ ಮೇಲೆ ಟಿಪ್ಸ್ ಮಾತು. ಎಷ್ಟು? ಟೇಬಲ್ಲಿಗೆ ಬಂದು ಬಡಿಸುವ ಕಡೆ, ತೆರಿಗೆ ಸೇರುವ ಮುಂಚಿನ ಊಟದ ಮೊತ್ತಕ್ಕೆ 5ರಿಂದ 10 ಪರ್ಸೆಂಟ್ ಧಾರಾಳವಾಯಿತು. ನಾವೇ ಕೌಂಟರಿನಿಂದ ತಂದುಕೊಂಡು ನಿಂತು ತಿನ್ನುವ ದರ್ಶಿನಿಯಲ್ಲಿ ಟಿಪ್ಸ್‌ನ ಪ್ರಶ್ನೆಯೇ ಇಲ್ಲ. ಟೇಬಲ್ ಒರೆಸುವವರಿಗೆ ಹತ್ತು ರೂಪಾಯಿ ಕೊಟ್ಟರೆ ಅದು ನಿಮ್ಮ ಒಳ್ಳೆಯತನ. ಅಮೆರಿಕದಿಂದ ಬಂದ ನೆಂಟರು 20 ಪರ್ಸೆಂಟ್ ಕೊಡದಿದ್ದರೆ ಅವಮಾನ ಎನ್ನುವುದುಂಟು. ಅಲ್ಲಿನ ಲೆಕ್ಕ ಬೇರೆ. ಅಲ್ಲಿ ಫೆಡರಲ್ ಕನಿಷ್ಠ ವೇತನ ಗಂಟೆಗೆ 7.25 ಡಾಲರ್ ಆದರೂ, ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ನಗದಾಗಿ 2.13 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಟಿಪ್ಸ್‌ನಿಂದ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲೀಕ ಸೇರಿಸಬೇಕು. ಇದಕ್ಕಿಂತ ಹೆಚ್ಚು ಕೊಡಿಸುವ ರಾಜ್ಯಗಳೂ ಇವೆ. ನಮ್ಮಲ್ಲಿ ಟಿಪ್ಸ್ ತೋರಿಸಿ ಕನಿಷ್ಠ ವೇತನ ಮುರಿಯಲು ಅವಕಾಶವಿಲ್ಲ. ಸಂಬಳ ಕೊಡುವುದು ಮಾಲೀಕರ ಹೊಣೆ, ನಿಮ್ಮದಲ್ಲ. ಹಾಗೆಂದು ರಾತ್ರಿ ಹನ್ನೊಂದರವರೆಗೆ ನಿಂತೇ ಇರುವ ಕಾಲುಗಳನ್ನು ಮರೆಯಬೇಡಿ.

ಹೇಗೆ ಕೊಡಬೇಕು ಎನ್ನುವುದು ಎಷ್ಟು ಎನ್ನುವುದಕ್ಕಿಂತ ಮುಖ್ಯ. ಇಲ್ಲೂ ಅದೇ ಎಡವಟ್ಟು. ಬಿಲ್ 2,100 ಇದ್ದಾಗ ಕೌಂಟರಿನ ಕ್ಯೂಆರ್ ಕೋಡ್‌ಗೆ 2,250 ಹಾಕಿ, "150 ನಿಮಗೆ" ಎಂದು ಸಪ್ಲೈಯರ್‌ಗೆ ಹೇಳಿ ಎದ್ದು ಹೋಗುತ್ತಾರೆ. ಆ ಹಣ ಹೋಟೆಲಿನ ಖಾತೆಗೆ ಬಿತ್ತು. ರಾತ್ರಿ ಕ್ಯಾಷಿಯರ್ ದಿನದ ಬಿಲ್‌ಗಳನ್ನೂ ಯುಪಿಐ ಜಮೆಯನ್ನೂ ತಾಳೆ ನೋಡುವಾಗ 150 ಹೆಚ್ಚು ಕಾಣುತ್ತದೆ. ಯಾರೂ ಅವರಿಗೆ ಹೇಳಿರದಿದ್ದರೆ ಅದು 'ಹೆಚ್ಚುವರಿ' ಎಂದು ಕೂತುಬಿಡುತ್ತದೆ. ಕಾರ್ಡ್ ಮಷಿನ್‌ನಲ್ಲಿ ಟಿಪ್ ಸೇರಿಸಿದರೂ ಹಾಗೆಯೇ, ಮೊತ್ತ ಅಂಗಡಿಯ ಖಾತೆಗೇ ಜಮೆ. ಹಾಗೆ ಕೊಡಲೇಬೇಕಾದರೆ ಬಿಲ್‌ನ ಹೋಟೆಲ್ ಪ್ರತಿಯ ಮೇಲೆ "ಟಿಪ್ಸ್ 150" ಎಂದು ಬರೆದು, ಕ್ಯಾಷಿಯರ್ ಎದುರಿಗೇ ಹೇಳಿ. ಒಳ್ಳೆಯ ಕಡೆ ಅಲ್ಲೇ ಗಲ್ಲಾಪೆಟ್ಟಿಗೆಯಿಂದ ನಗದು ತೆಗೆದು ಕೊಡುತ್ತಾರೆ.

ಸಪ್ಲೈಯರ್‌ನ ಸ್ವಂತ ಫೋನ್‌ಗೆ ಹಾಕಬಹುದಲ್ಲ ಎನ್ನಬಹುದು. ಆಗಬಹುದು, ಆದರೆ ಒತ್ತಾಯ ಮಾಡಬೇಡಿ. ಬಿಲ್ಲಿನ ಹಣವೇ ಆ ದಾರಿಯಲ್ಲಿ ಹೋದೀತು ಎಂಬ ಭಯಕ್ಕೆ, ಕೆಲಸದ ಹೊತ್ತಿನಲ್ಲಿ ಸ್ವಂತ ಕ್ಯೂಆರ್ ತೋರಿಸಬಾರದು ಎಂದು ಕಟ್ಟುನಿಟ್ಟು ಮಾಡಿರುವ ಹೋಟೆಲ್‌ಗಳಿವೆ. ನಿಮ್ಮ ಉಪಕಾರದಿಂದ ಅವರ ಕೆಲಸಕ್ಕೇ ಕುತ್ತು ಬರಬಾರದು. ಪರ್ಸಿನಲ್ಲಿ 20, 50ರ ಕೆಲವು ನೋಟು ಇಟ್ಟುಕೊಳ್ಳುವುದೇ ಒಳ್ಳೆಯದು. ಸೋಂಪಿನ ತಟ್ಟೆಯಲ್ಲಿ ಬಿಟ್ಟರೆ ಆ ಹೋಟೆಲಿನ ರೀತಿಯಂತೆ ಡಬ್ಬಿಗೆ ಬಿದ್ದು ಎಲ್ಲರಿಗೂ ಹಂಚಿಕೆಯಾಗಬಹುದು, ಅದರಲ್ಲಿ ಅಡುಗೆಮನೆಯವರಿಗೂ ಪಾಲು ಇರಬಹುದು. ಒಬ್ಬರಿಗೇ ಸೇರಲಿ ಎಂದಿದ್ದರೆ ಕೈಗೇ ಕೊಡಿ.

ಅಂದಹಾಗೆ, ಟಿಪ್ಸ್ ಸಂಬಳವಲ್ಲ ಎಂದು ಸುಪ್ರೀಂ ಕೋರ್ಟೇ 2016ರಲ್ಲಿ ಹೇಳಿದೆ. ಗಿರಾಕಿಗಳು ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಹೋಟೆಲ್ ಕಂಪನಿ ನೌಕರರಿಗೆ ಹಂಚಿದಾಗ ಸಂಬಳದಂತೆ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿತ ಮಾಡಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಬೇಕಿಲ್ಲ, ಆ ಹಣ ಗಿರಾಕಿಯಿಂದ ನೌಕರನಿಗೆ ಬಂದದ್ದು, ಮಾಲೀಕ ನಡುವೆ ನಂಬಿಕೆಯ ಮೇಲೆ ಇಟ್ಟುಕೊಂಡವನಷ್ಟೇ ಎಂದಿತು ಕೋರ್ಟು.

ಕೊನೆಗೆ, ಹುಟ್ಟುಹಬ್ಬ, ಆಫೀಸ್ ಪಾರ್ಟಿಗೆ ಹಾಲ್ ಬುಕ್ ಮಾಡುವವರಿಗೆ. ನಲವತ್ತು ಜನರ ಊಟಕ್ಕೆ 40,000 ಎಂದುಕೊಂಡಲ್ಲಿ 10 ಪರ್ಸೆಂಟ್ ಸೇರಿದರೆ 4,000, ಅದರ ಮೇಲಿನ ತೆರಿಗೆ ಬೇರೆ. ಕಾರ್ಯಕ್ರಮ ಮುಗಿದ ರಾತ್ರಿ ಚರ್ಚೆ ಮಾಡುವ ತ್ರಾಣ ಯಾರಿಗೂ ಇರುವುದಿಲ್ಲ. ಮುಂಗಡ ಕೊಡುವ ಮುನ್ನವೇ ಕೊಟೇಷನ್‌ನಲ್ಲಿ "ಸರ್ವಿಸ್ ಚಾರ್ಜ್ ಇಲ್ಲ" ಎಂದು ಬರೆಸಿಕೊಳ್ಳಿ. ಬಡಿಸಿದ ಹುಡುಗರಿಗೆ ಕೊಡಬೇಕೆಂದಿರುವುದನ್ನು ಬೇರೆ ಕವರಿನಲ್ಲಿ ನಗದಾಗಿ ಇಟ್ಟು, ಎಷ್ಟು ಜನ ಇದ್ದಾರೆಂದು ಕ್ಯಾಪ್ಟನ್‌ನನ್ನು ಕೇಳಿ, ಅವರೆಲ್ಲ ಇದ್ದಾಗಲೇ ಕೊಡಿ.