ಜಾಲಂಧರ ಬಂಧ

ಪ್ರಾಣಾಯಾಮ ಹೇಳಿಕೊಡುವವರು ‘ಬಂಧ ಹಾಕಿ’ (ಅಂದರೆ ಮೈಯ ಒಂದು ಭಾಗವನ್ನು ಬಿಗಿದು ಹಿಡಿಯಿರಿ) ಎಂದೊಡನೆ ಅನೇಕರು ಬೆನ್ನು ಗೂನಾಗಿಸಿ, ಕತ್ತು ಇಳಿಬಿಟ್ಟು ನೆಲ ನೋಡುತ್ತಾರೆ. ಅದು ತಲೆ ತಗ್ಗಿಸಿದಂತಾಯಿತೇ ಹೊರತು ಜಾಲಂಧರ ಬಂಧವಲ್ಲ. ಉಸಿರು ತುಂಬಿಕೊಂಡು ಎದೆಯನ್ನು ಮೇಲೆತ್ತಿ, ಹಿಂಗತ್ತನ್ನು ಉದ್ದ ಮಾಡಿ, ಗದ್ದವನ್ನು ಕೊರಳ ಕೆಳಗಿನ ಗುಳಿಯತ್ತ ತಂದು ನಿಲ್ಲಿಸಬೇಕು. ಗದ್ದ ಇಳಿಯುವುದಕ್ಕಿಂತ ಎದೆ ಏರುವುದೇ ಇಲ್ಲಿ ಮುಖ್ಯ. ಎದೆ ಏರದೆ ಗದ್ದವನ್ನಷ್ಟೇ ಒತ್ತಿದರೆ ಕತ್ತು ನೋಯುತ್ತದೆ, ಅಷ್ಟೆ.

ಗುದದ ಬಳಿಯ ಸ್ನಾಯುಗಳನ್ನು ಬಿಗಿಯುವ ಮೂಲಬಂಧ, ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳುವ ಉಡ್ಡೀಯಾನ ಬಂಧಗಳ ಜೊತೆಗೆ ಹಠಯೋಗದ ಮೂರು ಮುಖ್ಯ ಬಂಧಗಳಲ್ಲಿ ಇದೊಂದು. ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’ ಇದರ ಹೊತ್ತನ್ನೂ ಗೊತ್ತುಮಾಡಿದೆ: ಪೂರಕದ (ಉಸಿರು ಎಳೆದುಕೊಳ್ಳುವುದರ) ಕೊನೆಯಲ್ಲಿ ಜಾಲಂಧರ, ಕುಂಭಕ (ಉಸಿರು ಹಿಡಿಯುವುದು) ಮುಗಿದು ರೇಚಕ (ಉಸಿರು ಬಿಡುವುದು) ತೊಡಗುವಾಗ ಉಡ್ಡೀಯಾನ. ಪ್ರಾಣ ಹರಿಯುವ ನಾಡಿಗಳ ಜಾಲವನ್ನು ಕಟ್ಟಿ, ತಲೆಯಿಂದ ತೊಟ್ಟಿಕ್ಕುವ ಅಮೃತ ಜಠರದ ಬೆಂಕಿಗೆ ಬೀಳದಂತೆ ತಡೆಯುತ್ತದೆ ಎಂಬುದು ಅದರ ವಿವರಣೆ. ಮುಪ್ಪು ಸಾವುಗಳನ್ನೇ ಅಳಿಸುತ್ತದೆ ಎಂದೂ ಸೇರಿಸುತ್ತದೆ. ಆ ಮಾತನ್ನು ಹೊಗಳಿಕೆಯೆಂದು ಓದಿಕೊಂಡರೆ ಸಾಕು.

ಇಂದಿನ ಯೋಗಶಿಕ್ಷಕರು ಬೇರೊಂದು ಕಾರಣ ಕೊಡುತ್ತಾರೆ. ಕತ್ತಿನ ಎರಡೂ ಬದಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಗಳಿವೆ. ಅವುಗಳ ಗೋಡೆಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿದ್ದು, ಅಲ್ಲಿ ಒತ್ತಡ ಹೆಚ್ಚಿದಂತೆ ತೋರಿದರೆ ಮಿದುಳು ಹೃದಯದ ಬಡಿತವನ್ನು ತಗ್ಗಿಸುತ್ತದೆ. ಬಂಧದ ಹೊತ್ತಿನ ಶಾಂತಿಗೆ ಇದೂ ಕಾರಣವಿರಬಹುದು ಎಂಬುದು ಅವರ ಊಹೆ. ರಕ್ತದೊತ್ತಡ, ಹೃದ್ರೋಗ, ಗ್ಲಾಕೋಮಾ, ಕತ್ತಿನ ಸ್ಪಾಂಡಿಲೋಸಿಸ್, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಗರ್ಭಿಣಿಯರು ಉಸಿರು ಬಿಗಿಹಿಡಿಯುವ ಗೋಜಿಗೇ ಹೋಗಬಾರದು.

ಎಲ್ಲ ಪರಂಪರೆಗಳ ಪಾಠವೂ ಒಂದೇ ಅಲ್ಲ. ಕೆಲವರು ಕುಂಭಕದಲ್ಲಷ್ಟೇ ಬಂಧ ಹಾಕಿಸುತ್ತಾರೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ಕುಳಿತು ಮಾಡುವ ಪ್ರಾಣಾಯಾಮಕ್ಕೆ ಉದ್ದಕ್ಕೂ ಜಾಲಂಧರ ಬೇಕು. ಭುಜದ ಮೇಲೆ ಭಾರ ಹಾಕಿ ಕಾಲು ಮೇಲೆತ್ತುವ ಸರ್ವಾಂಗಾಸನದಲ್ಲಿ ಎದೆ ತಾನಾಗಿ ಗದ್ದದತ್ತ ಬರುವುದರಿಂದ, ಬಂಧದ ರುಚಿ ಮೊದಲು ಹತ್ತುವುದು ಅಲ್ಲೇ.

ಹೊಸಬರು ಕತ್ತನ್ನು ಮೊದಲು ಸಡಿಲಿಸಿಕೊಳ್ಳಬೇಕು. ಉಸಿರು ಬಿಡುತ್ತ ಗದ್ದ ಕೆಳಗೆ, ಎಳೆದುಕೊಳ್ಳುತ್ತ ನೇರಕ್ಕೆ; ಬಿಡುತ್ತ ಮುಖ ಬಲಭುಜದ ಕಡೆಗೆ, ಎಳೆದುಕೊಳ್ಳುತ್ತ ನಡುವಿಗೆ, ಹಾಗೆಯೇ ಎಡಕ್ಕೆ. ಗಿರ್‍ರನೆ ತಲೆ ತಿರುಗಿಸುವುದು ಬೇಡ. ಆಮೇಲೆ ಉಸಿರು ತುಂಬಿ, ಬಂಧ ಹಾಕಿ, ನಾಲ್ಕೈದು ಎಣಿಸುವಷ್ಟು ಮಾತ್ರ ಹಿಡಿದರೆ ಸಾಕು. ಕುಂಭಕದಲ್ಲಷ್ಟೇ ಬಂಧ ಹಾಕುವವರು ಬಿಡುವಾಗ ಮೊದಲು ತಲೆ ಎತ್ತಬೇಕು, ಆಮೇಲೆ ರೇಚಕ.

ಇನ್ನು ಧ್ಯಾನಕ್ಕೂ ಇದಕ್ಕೂ ಇರುವ ನಂಟು. ಉಸಿರಿನ ಗಾಳಿ ಅಲುಗಿದರೆ ಚಿತ್ತವೂ ಅಲುಗುತ್ತದೆ ಎನ್ನುತ್ತದೆ ಪ್ರದೀಪಿಕೆ. ಬಂಧ ಸಹಿತ ಕೆಲವು ಸುತ್ತು ಪ್ರಾಣಾಯಾಮ ಮುಗಿಸಿದಾಗ ಉಸಿರು ತೆಳುವಾಗಿರುತ್ತದೆ. ಧ್ಯಾನಕ್ಕೆ ಕೂರಬೇಕಾದ ಗಳಿಗೆ ಅದೇ. ಆದರೆ ಬಂಧವನ್ನು ಅಲ್ಲಿಗೆ ಹೊತ್ತೊಯ್ಯಬೇಕಿಲ್ಲ. ಮೈ, ತಲೆ, ಕತ್ತು ಒಂದೇ ನೇರದಲ್ಲಿರಲಿ ಎಂದು ಗೀತೆಯ ಆರನೆಯ ಅಧ್ಯಾಯವೇ ಹೇಳುತ್ತದೆ. ಧ್ಯಾನದಲ್ಲಿ ಪದೇ ಪದೇ ತೂಕಡಿಕೆ ಬರುವವರು ಗದ್ದ ಎದೆಗೆ ಜಾರಿದೆಯೇ ಎಂದು ಮೊದಲು ನೋಡಿಕೊಳ್ಳಲಿ.